ಎತ್ತಿನ ಹೆಜ್ಜೆಯಲ್ಲಿ ಹನ್ನೆರಡು ಹರದಾರಿ

"ಅಲ್ಲೇ ನಿಂತ್ಕ. ಕಾಲು ಎತ್ತಬ್ಯಾಡ."

ಹಿಂದಿನಿಂದ ಯಾರೋ ಹೇಳಿದರು. ಕೂಗಿ ಹೇಳಿದ್ದಲ್ಲ, ಮೆಲ್ಲಗೆ ಹೇಳಿದ್ದು. ಆ ಮೆಲುದನಿಗೇ ಯರ್ರಮ್ಮನ ಕೈಕಾಲು ತಣ್ಣಗಾದವು.

ತಲೆಯ ಮೇಲೆ ತುಂಬಿದ ಕೊಡ. ಎದುರಿಗೆ ಹತ್ತು ಮಾರು ದೂರದಲ್ಲಿ ಒಂದು ಬಿಳಿ ಎತ್ತು. ಮೂಗುದಾರವಿಲ್ಲ, ಕೊರಳಿಗೆ ಹಗ್ಗವಿಲ್ಲ. ಕೊಂಬು ಅವಳ ತೋಳಿನಷ್ಟು ಉದ್ದ. ಅದು ತಲೆ ತಗ್ಗಿಸಿ ಮುಂಗಾಲಿನಿಂದ ಮಣ್ಣು ಕೆದರುತ್ತಿತ್ತು.

'ಅವ್ವಾ... ಮುಗೀತು ನನ್ನ ಕಥೆ...'

ಕಂಬಳಿ ಹೊದ್ದ ಒಬ್ಬ ಗಂಡಸು ಅವಳ ಪಕ್ಕದಿಂದಲೇ ಬರಿಗಾಲಲ್ಲಿ ನಡೆದು ಹೋದ. ಎತ್ತಿನ ಮುಂದೆ ನಿಂತು, ತೆಲುಗಿನಲ್ಲಿ, ಮನೆಯ ಮಗುವನ್ನು ಕರೆಯುವ ಹಾಗೆ ಕರೆದ.

"ರಾ ನಾಯನಾ... ರಾ..."

ಎತ್ತು ತಲೆ ಎತ್ತಿತು. ಒಮ್ಮೆ ಉಸಿರು ಬಿಟ್ಟಿತು. ಆಮೇಲೆ ಏನೂ ಆಗದ ಹಾಗೆ ಅವನ ಹಿಂದೆ ಹೊರಟಿತು.

ಜೀವ ವಾಪಸು ಬಂದ ಮೇಲೆ ಯರ್ರಮ್ಮನಿಗೆ ಬಂದದ್ದು ಸಿಟ್ಟು.

"ಕಟ್ಟಿ ಹಾಕಬಾರ್ದಾ ಅದನ್ನ? ಈಗ ನನ್ನ ಜೀವ ಹೋಗಿದ್ರೆ?"

"ಇವು ದೇವರ ಎತ್ತು. ಹಗ್ಗ ಹಾಕಂಗಿಲ್ಲ, ಕೋಲು ಎತ್ತಂಗಿಲ್ಲ," ಅಂದ ಅವನು. ಆಮೇಲೆ ಅವಳನ್ನೇ ನೋಡುತ್ತಾ, "ಅಷ್ಟು ನಡುಗ್ತಾ ಇದ್ದೀಯ, ಒಂದು ತೊಟ್ಟು ನೀರು ಚೆಲ್ಲಿಲ್ಲ ನೋಡು ನೀನು," ಅಂದ.

ಬೈಯಲು ಇನ್ನೂ ನಾಲ್ಕು ಮಾತು ಬಾಯಲ್ಲಿದ್ದವು. ಎಲ್ಲಿ ಹೋದವೋ ಏನೋ! ಯರ್ರಮ್ಮ ಸರಸರನೆ ಮನೆಯ ದಾರಿ ಹಿಡಿದಳು.

ಅವನೇ ಚಿತ್ತಪ್ಪ. ಚಳ್ಳಕೆರೆ ಕಡೆಯ ಹಟ್ಟಿಯ ಕಿಲಾರಿ. ದೇವರಿಗೆ ಬಿಟ್ಟ ಎತ್ತುಗಳನ್ನು ಯಾರೂ ಗಾಡಿಗೆ ಹೂಡುವಂತಿಲ್ಲ, ನೇಗಿಲಿಗೆ ಕಟ್ಟುವಂತಿಲ್ಲ. ಅವುಗಳ ಹಿಂದೆ ಬರಿಗಾಲಲ್ಲಿ ತಿರುಗುತ್ತಾ ಕಾಯುವವನೇ ಕಿಲಾರಿ. ಆ ಬೇಸಿಗೆ ತಮ್ಮ ಕಡೆ ಹುಲ್ಲು ಒಣಗಿತೆಂದು ಚಿತ್ತಪ್ಪ ಮತ್ತು ಅವನ ಸೋದರಮಾವ ತಿಪ್ಪಯ್ಯ ಎತ್ತುಗಳನ್ನು ಮೊಳಕಾಲ್ಮೂರಿನ ಗುಡ್ಡಗಳ ಕಡೆ ತಂದಿದ್ದರು. ಯರ್ರಮ್ಮನ ಹಟ್ಟಿ ಊರಿಂದ ಕೂಗಳತೆ ದೂರ. ಅವಳಿಗೆ ಹತ್ತೊಂಬತ್ತು ತುಂಬಿತ್ತು.

ಎರಡು ತಿಂಗಳು ಅವರ ಎತ್ತು ಅಲ್ಲೇ ಮೇಯ್ದವು. ಎರಡು ತಿಂಗಳು ಯರ್ರಮ್ಮನ ಮನೆಯಲ್ಲಿ ನೀರು ಬೇಗ ಬೇಗ ಖಾಲಿಯಾಗುತ್ತಿತ್ತು. ಯಾಕೆ ಅಂತ ಬೇರೆ ಹೇಳಬೇಕೇ?

ಮಳೆ ಬಿದ್ದು ಅವರು ಹೊರಡುವ ದಿನ ಚಿತ್ತಪ್ಪ ನೇರವಾಗಿ ಅವಳ ಅಪ್ಪನ ಮುಂದೆ ಬಂದು ನಿಂತ.

ಅವಳ ಅಪ್ಪ ಉಗ್ರಪ್ಪ ಹೆಸರಿಗಷ್ಟೇ ಉಗ್ರ. ಹಿಂದಿನ ವರ್ಷ ಪ್ಲೇಗಿನಲ್ಲಿ ಹೆಂಡತಿ ಮೂರೇ ದಿನದಲ್ಲಿ ಹೋದ ಮೇಲೆ ಆ ಮನುಷ್ಯನಿಗೆ ಇಲಿ ಸದ್ದಾದರೂ ಎದೆ ಹೊಡೆದುಕೊಳ್ಳುತ್ತಿತ್ತು. ಮಗಳನ್ನು ಬೇಗ ಒಂದು ಗಟ್ಟಿ ಮನೆ ಸೇರಿಸಿದರೆ ಸಾಕೆಂದಿದ್ದ. ಪರಶುರಾಂಪುರದ ದೊಡ್ಡೀರಪ್ಪ ಆಗಲೇ ಕೇಳಿ ಕಳಿಸಿದ್ದ. ಮೊದಲ ಹೆಂಡತಿ ತೀರಿಕೊಂಡವನು, ಕುರಿ ಹಿಂಡುಳ್ಳವನು, ಒಳ್ಳೆಯವನೇ.

"ಕಿಲಾರಿಗೆ ಮನೆ ಎಲ್ಲೈತಪ್ಪ? ಎತ್ತು ಎಲ್ಲೋ ನೀನಲ್ಲಿ. ನೀನು ಬರ್ತೀನಿ ಅಂದ ದಿನ ಬರ್ತೀಯಾ ಅಂತ ನಾನು ಹೆಂಗೆ ನಂಬಲಿ?" ಎಂದು ಉಗ್ರಪ್ಪ ಕೇಳಿದ.

"ನೀವೇ ಒಂದು ದಿನ ಹೇಳ್ರಿ. ಬರ್ತೀನಿ."

"ಶ್ರಾವಣದ ಕಡೇ ಸೋಮವಾರ. ಹೊತ್ತು ಮುಳುಗೋದ್ರೊಳಗೆ ವೀಳ್ಯ ತಗಂಡು ಬಾ. ಬರ್ಲಿಲ್ಲ ಅಂದ್ರೆ ದೊಡ್ಡೀರಪ್ಪನ ವೀಳ್ಯ ಹಿಡಿತೀನಿ. ಹಿಡಿದ ಮೇಲೆ ಮಾತು ತಿರುಗಿಸೋ ವಂಶ ಅಲ್ಲ ನಮ್ದು."

ಬಾಗಿಲ ಹಿಂದೆ ನಿಂತಿದ್ದ ಯರ್ರಮ್ಮ ಬೆರಳು ಮಡಿಸಿ ಎಣಿಸಿದಳು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಂಡಿ ದಾರಿಯಲ್ಲಿ ಹತ್ತು ಹರದಾರಿ. ಹರದಾರಿಯೆಂದರೆ ಮೂರು ಮೈಲಿ. ಬಂಡಿಗೆ ಎರಡು ದಿನ. ಕೈ ಬೀಸಿ ನಡೆಯುವ ಗಟ್ಟಿ ಆಳಿಗೆ ಒಂದು ಹಗಲು. ಎತ್ತನ್ನು ತಿಪ್ಪಯ್ಯನಿಗೆ ಬಿಟ್ಟು ಅವನು ಒಂದು ಹಗಲಲ್ಲಿ ಬಂದುಬಿಡುತ್ತಾನೆ.

ಈಗಿನವರು ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮುಗಿಯುವ ದಾರಿ ಅದು. ಮೋಟಾರಿನ ಸದ್ದನ್ನೇ ಕೇಳದಿದ್ದ ಆ ಕಾಲದಲ್ಲಿ ಅದೇ ದಾರಿಯ ನಡುವೆ ಒಬ್ಬ ಮನುಷ್ಯ ಕಾಣೆಯಾಗಿಬಿಡಬಹುದಿತ್ತು.

*

ಕಡೇ ಸೋಮವಾರಕ್ಕೆ ಒಂದು ದಿನ ಮುಂಚೆ, ಭಾನುವಾರ ಸಂಜೆ, ಬಂಡಿ ಬೋರಣ್ಣ ಚಳ್ಳಕೆರೆಯಿಂದ ಬಂದ. ಮೊಳಕಾಲ್ಮೂರಿನ ಮಗ್ಗದ ಸೀರೆಗಳನ್ನು ಅಲ್ಲಿಗೆ ಮುಟ್ಟಿಸಿ, ಎಣ್ಣೆ ಬೆಲ್ಲ ತುಂಬಿಕೊಂಡು ಬರುವುದು ಅವನ ಕಸುಬು. ಯರ್ರಮ್ಮ ನೀರು ಕೊಡುವ ನೆಪದಲ್ಲಿ ಬಂಡಿಯ ಹತ್ತಿರ ಹೋದಳು.

"ಬೋರಣ್ಣ... ಆ ಕಿಲಾರಿ ಹಟ್ಟಿ ಕಡೆ ಏನಾದ್ರೂ ಸುದ್ದಿ?"

"ಯಾರು, ಚಿತ್ತಪ್ಪನಾ? ಅವನು ಇನ್ನೂ ಬಂದಿಲ್ವಾ?" ಬೋರಣ್ಣನ ಕೈಯ ಚೊಂಬು ಬಾಯಿಯ ಹತ್ತಿರವೇ ನಿಂತಿತು. "ಶುಕ್ರವಾರ ಮುಂಜಾನೆನೇ ಹೊಂಟ ಅಂದ್ರಲ್ಲ ಅವನ ಹಟ್ಟಿಯವ್ರು. ಸಂತೇಲಿ ಸಿಕ್ಕಿದ್ರು ನಂಗೆ."

ಶುಕ್ರವಾರ ಮುಂಜಾನೆ! ಹಾಗಾದರೆ ಶುಕ್ರವಾರ ಸಂಜೆಗೇ ಬರಬೇಕಿತ್ತು. ತಡವಾದರೆ ಶನಿವಾರ. ಇವತ್ತು ಭಾನುವಾರವೂ ಮುಳುಗುತ್ತಿದೆ.

"ದಾರೀಲಿ ಕಾಣ್ಲಿಲ್ವಾ ಅಣ್ಣ?"

"ಇಲ್ಲವ್ವ. ಹತ್ತು ಹರದಾರಿ ಕಣ್ಣು ಬಿಟ್ಕಂಡೇ ಬಂದೆ. ಛತ್ರದಾಗೂ ಇಲ್ಲ, ಬಾವಿ ಕಟ್ಟೆ ಮ್ಯಾಗೂ ಇಲ್ಲ." ಬೋರಣ್ಣ ದನಿ ತಗ್ಗಿಸಿದ. "ಕಂಬಳಿ, ಮಡಕೆ ಎಲ್ಲಾ ಕಟ್ಕಂಡು ಹೋದ ಅಂದ್ರು. ಯಾವಾಗ ವಾಪಸು ಬರ್ತಾನೋ ಗೊತ್ತಿಲ್ಲ ಅಂದ್ರು. ಆ ಕಡೆ ಒಂದೆರಡು ಮನೇಲಿ ಜ್ವರ ಬ್ಯಾರೆ ಐತೆ..."

ಜ್ವರ. ಆ ಮಾತು ಕೇಳಿದ್ದೇ ಯರ್ರಮ್ಮನ ಕಣ್ಣ ಮುಂದೆ ಅವ್ವನ ಮುಖ ಬಂತು. ಕಂಕುಳಲ್ಲಿ ಗಡ್ಡೆ ಎದ್ದಿದ್ದ ಅವ್ವ, ಮೂರನೇ ದಿನ ಮಗಳ ಗುರುತು ಹಿಡಿಯದ ಅವ್ವ...

'ದಾರಿಯಲ್ಲಿ ಬಿದ್ದಿದ್ದಾನಾ? ಯಾವ ಜಾಲಿ ಮರದ ಕೆಳಗೆ? ನೀರು ಕೊಡೋರು ಇದ್ದಾರಾ?'

ಆ ರಾತ್ರಿ ಅವಳು ನಿದ್ದೆ ಮಾಡಿದಳೆಂದು ಹೇಳಿದರೆ ಸುಳ್ಳಾಗುತ್ತದೆ.

ಬೆಳಿಗ್ಗೆ ಸೋದರತ್ತೆ ಸಿದ್ದಕ್ಕ ರಾಗಿ ಬೀಸುತ್ತಾ, ಮಾತನ್ನೂ ಬೀಸಿದಳು.

"ಸತ್ತೂ ಇಲ್ಲ, ಕೆಟ್ಟೂ ಇಲ್ಲ. ಗಂಟು ಮೂಟೆ ಕಟ್ಕಂಡು ಹೋದ ಅಂದ್ರೆ ಏನರ್ಥ? ಜ್ವರಕ್ಕೆ ಹೆದರಿ ಸೀಮೆ ದಾಟಿ ಓಡೋಗಿದಾನೆ. ಬರೋನಾಗಿದ್ರೆ ಬಂದಿರೋನು."

"ಅತ್ತೆ, ಸುಮ್ಕಿರು."

"ನಾನು ಸುಮ್ಕಿರ್ತೀನಿ ತಾಯಿ. ಹೊತ್ತು ಸುಮ್ಕಿರ್ತೈತಾ? ಸಂಜೆಗೆ ದೊಡ್ಡೀರಪ್ಪನ ಬಂಡಿ ಬರ್ತೈತೆ."

ಯರ್ರಮ್ಮನಿಗೆ ಈಗ ಎರಡು ಹೆದರಿಕೆ. ಅವನು ಸತ್ತಿದ್ದರೆ... ಇಲ್ಲ, ಬದುಕಿದ್ದೂ ಬಾರದೆ ಹೋದರೆ... ಯಾವುದು ದೊಡ್ಡದೆಂದು ಅವಳಿಗೇ ತಿಳಿಯದು. ಬದುಕಿರಲಿ, ಬಾರದಿದ್ದರೂ ಬದುಕಿರಲಿ ಎಂದು ಮನಸ್ಸು ಬೇಡುತ್ತಿತ್ತು. ಅದರ ಬೆನ್ನಿಗೇ, ಬದುಕಿದ್ದೂ ಯಾಕೆ ಬರಲಿಲ್ಲ ಎಂದು ಅದೇ ಮನಸ್ಸು ಜಗಳಕ್ಕೆ ನಿಲ್ಲುತ್ತಿತ್ತು.

ಮಧ್ಯಾಹ್ನ ಮುದ್ದೆ ತಿರುವಿ, ಮಡಕೆಯನ್ನು ಒಲೆಯಿಂದ ಇಳಿಸಿದಳು. ಇಳಿಸಿದವಳು ಮಡಕೆಯನ್ನೇ ನೋಡುತ್ತಾ ಕೂತುಬಿಟ್ಟಳು.

ಒಂದು ಹಗಲ ದಾರಿಗೆ ಯಾರಾದರೂ ಮಡಕೆ ಒಯ್ಯುತ್ತಾರಾ? ಬಟ್ಟೆಯಲ್ಲಿ ಎರಡು ರೊಟ್ಟಿ ಕಟ್ಟಿಕೊಂಡರೆ ಸಾಕು. ಸೀಮೆ ಬಿಟ್ಟು ಓಡಿ ಹೋಗುವವನೂ ಮಣ್ಣಿನ ಮಡಕೆ ಹೊತ್ತು ಓಡುವುದಿಲ್ಲ. ದಾರಿಯಲ್ಲಿ ದಿನಾ ಒಲೆ ಹೂಡುವವನಿಗೆ ಬೇಕು ಮಡಕೆ. ನಾಲ್ಕು ದಿನ ಬಯಲಲ್ಲಿ ಮಲಗುವವನಿಗೆ ಬೇಕು ಕಂಬಳಿ...

'ಎತ್ತು! ಎತ್ತಿನ ಜೊತೆಗೆ ಬರ್ತಾ ಇದ್ದಾನೆ!'

ತಪ್ಪು ಯಾರದೂ ಅಲ್ಲ. ಚಿತ್ತಪ್ಪನ ಹಟ್ಟಿಯಲ್ಲಿ ಕಿಲಾರಿ ಹೊರಟ ಎಂದರೆ ಎತ್ತುಗಳೂ ಹೊರಟವು ಎಂದೇ. ಅದನ್ನು ಬೇರೆಯಾಗಿ ಯಾರು ಹೇಳುತ್ತಾರೆ? ಬಂಡಿ ಹೊಡೆಯುವ ಬೋರಣ್ಣ ಮಾತ್ರ ಒಬ್ಬ ಆಳು ರಸ್ತೆ ಹಿಡಿದು ನಡೆದು ಬರುವುದನ್ನೇ ಯೋಚಿಸಿದ. ದೇವರ ಎತ್ತು ಬಂಡಿ ರಸ್ತೆಯಲ್ಲಿ ಬರುವುದಿಲ್ಲ. ಹುಲ್ಲುಗಾವಲು ಬಳಸಿ, ನೀರು ಇರುವ ಕಟ್ಟೆಯಿಂದ ಕಟ್ಟೆಗೆ ಬರುತ್ತವೆ.

ಯರ್ರಮ್ಮ ಮತ್ತೆ ಬೆರಳು ಮಡಿಸಿದಳು. ಹುಲ್ಲುಗಾವಲು ಬಳಸಿದರೆ ಹನ್ನೆರಡು ಹರದಾರಿ. ಮೇಯುತ್ತಾ ಬರುವ ಎತ್ತಿಗೆ ದಿನಕ್ಕೆ ಮೂರು. ಶುಕ್ರವಾರ ಮೂರು, ಶನಿವಾರ ಆರು, ಭಾನುವಾರ ಒಂಬತ್ತು. ಇವತ್ತು ಸೋಮವಾರ. ಈ ಹೊತ್ತಿಗೆ ಹಟ್ಟಿಗೆ ಒಂದು ಹರದಾರಿ ದೂರದ ಕರೆಕಲ್ಲು ಕಟ್ಟೆ ದಾಟಿರಬೇಕು. ದಾಟಿದ್ದರೆ ಧೂಳು ಕಾಣಬೇಕಿತ್ತು.

ಹಿತ್ತಲಿಗೆ ಓಡಿ ನೈಋತ್ಯದ ಕಡೆ ನೋಡಿದಳು. ಧೂಳಿಲ್ಲ. ಬರೀ ಬಿಸಿಲು.

ಅಪ್ಪನಿಗೆ ಹೇಳಬಹುದಿತ್ತು. ಆದರೆ ಅಪ್ಪ ಬೀಗರಿಗೆಂದು ಬೆಲ್ಲ ತರಲು ಊರೊಳಗೆ ಹೋಗಿದ್ದ. ಅತ್ತೆಗೆ ಹೇಳಿದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಒಂಟಿ ಹೆಣ್ಣು ಹುಲ್ಲುಗಾವಲಿನ ದಾರಿಯಲ್ಲಿ ಒಂದು ಹರದಾರಿ ಹೋದಳೆಂದರೆ ನಾಳೆ ಊರೇ ಆಡಿಕೊಳ್ಳುತ್ತದೆ. ಬಂಡೆಗಳ ಸಂದಿಯಲ್ಲಿ ಚಿರತೆ ಇರುವುದು ಸುಳ್ಳಲ್ಲ. ಅವನು ಅಲ್ಲಿ ಇಲ್ಲದಿದ್ದರೆ? ಇದ್ದೂ... ಉಸಿರಿಲ್ಲದೆ ಬಿದ್ದಿದ್ದರೆ?

ಅವಳು ಸೆರಗು ಬಿಗಿದು ಸಿಕ್ಕಿಸಿದಳು. ಹಿತ್ತಲಿಂದಲೇ ಆ ಕಡೆ ನಡೆದಳು.

*

ಕರೆಕಲ್ಲು ಕಟ್ಟೆಯ ಏರಿ ಹತ್ತುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಕೈ ಅಡ್ಡ ಹಿಡಿದು ನೋಡಿದಳು.

ಎತ್ತುಗಳು! ಹಸು ಕರುಗಳೂ ಸೇರಿ ಇಪ್ಪತ್ತೋ ಇಪ್ಪತ್ತೈದೋ, ಕಟ್ಟೆಯ ಆಚೆ ಬಯಲಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಅವುಗಳ ನಡುವೆ, ಮಂಡಿಗೆ ತಲೆ ಕೊಟ್ಟು ಕೂತಿದ್ದ ಒಬ್ಬ ಮನುಷ್ಯ ಅಲ್ಲಾಡುತ್ತಿರಲಿಲ್ಲ.

"ಚಿತ್ತಪ್ಪ..."

ಅಲ್ಲಾಡಲಿಲ್ಲ.

ಯರ್ರಮ್ಮ ಏರಿ ಇಳಿದು ಓಡಿದಳು. "ಚಿತ್ತಪ್ಪ! ಲೇ... ಎದ್ದೇಳೋ..."

ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು, ಮುಖ ಇಳಿದಿತ್ತು. ಅವಳನ್ನು ಕಂಡು ಗಾಬರಿಯಿಂದ ಎದ್ದು ನಿಂತ.

"ನೀನಾ? ಒಬ್ಳೇ ಬಂದ್ಯಾ? ಈ ದಾರೀಲಿ?"

"ಜ್ವರ ಐತಾ ನಿಂಗೆ? ಹೇಳು, ಜ್ವರ ಐತಾ?" ಅವಳು ಅವನ ಹಣೆ ಮುಟ್ಟಿ ನೋಡಿದಳು. ಮುಟ್ಟಿದ ಮೇಲೆ, ತಾನು ಮುಟ್ಟಿದ್ದು ಗೊತ್ತಾಗಿ ಕೈ ಹಿಂದೆ ತೆಗೆದಳು.

"ನಂಗಿಲ್ಲ. ತಿಪ್ಪಯ್ಯ ಮಾವಂಗೆ ಬಂತು. ಗಡ್ಡೆ ಅಲ್ಲ, ಚಳಿಜ್ವರ. ಬದುಕ್ತಾನೆ. ಎತ್ತು ಕಾಯಕ್ಕೆ ಇನ್ಯಾರೂ ಇಲ್ಲ. ಬಿಟ್ಟು ಬರಂಗಿಲ್ಲ, ಅದಕ್ಕೆ ಜೊತೇಗೆ ಹೊಡ್ಕಂಡು ಬಂದೆ. ನಾಲ್ಕು ದಿನಕ್ಕೆ ಸರಿಯಾಗಿ ಬರ್ತಿದ್ದೆ ಯರ್ರಮ್ಮ. ಬೆಳಿಗ್ಗೆ ಇಲ್ಲಿಗೆ ಬಂದು ಇವು ಮಲಗಿಬಿಟ್ಟವು."

"ಎಬ್ಬಿಸು."

"ದಾರಿ ತೋರ್ಸೋ ಮುಂದಿನ ಎತ್ತು ಏಳ್ದೆ ಯಾವುದೂ ಏಳಲ್ಲ. ಅದನ್ನ ಹೊಡೆಯಂಗಿಲ್ಲ, ಬಾಲ ಮುರಿಯಂಗಿಲ್ಲ. ಅದಾಗೇ ಏಳೋವರೆಗೂ ಕಾಯ್ಬೇಕು. ಬೆಳಿಗ್ಗೆಯಿಂದ ಕೈ ಮುಗೀತಾ ಕುಂತಿದ್ದೀನಿ."

"ನೀನಾದ್ರೂ ಓಡಿ ಬರಬಾರ್ದಿತ್ತಾ? ಒಂದೇ ಹರದಾರಿ."

ಚಿತ್ತಪ್ಪ ಬಂಡೆಗಳ ಕಡೆ ಕೈ ತೋರಿಸಿದ. "ಶನಿವಾರ ಒಂದು ಕರು ಹಿಡೀತು ಚಿರತೆ. ಅವತ್ತಿಂದ ನಮ್ಮ ಹಿಂದೇನೇ ಐತೆ. ನಾನು ಕಣ್ಣು ಮರೆಯಾದ್ರೆ ಇನ್ನೆರಡು ಹೋಗ್ತಾವೆ. ಇವನ್ನ ನಂಬಿ ನನ್ನ ಕೈಗೆ ಕೊಟ್ಟವ್ರಿಗೆ ಏನು ಹೇಳ್ಲಿ?"

ಅವನ ಸೊಂಟದಲ್ಲಿ ಒದ್ದೆ ಬಟ್ಟೆಯ ಗಂಟೊಂದಿತ್ತು. ವೀಳ್ಯದೆಲೆ. ನಾಲ್ಕು ದಿನ ನೀರು ಚಿಮುಕಿಸಿ ಕಾಪಾಡಿಕೊಂಡು ಬಂದಿದ್ದ.

ಯರ್ರಮ್ಮ ಸೂರ್ಯನನ್ನು ನೋಡಿದಳು. ಎರಡು ತಾಸು ಇರಬಹುದು, ಅಷ್ಟೆ.

"ನೀನು ಓಡು. ನಾನು ಇಲ್ಲಿರ್ತೀನಿ."

"ಹುಚ್ಚಾ ನಿಂಗೆ?"

"ಹೆಂಗಸ್ರು ಇವುಗಳ ರೊಪ್ಪದ ಬೇಲಿಯೊಳಗೆ ಬರಂಗಿಲ್ಲ ಅಂತೀರಲ್ಲ. ಇದು ರೊಪ್ಪ ಅಲ್ಲ, ಬಯಲು."

"ಅದಲ್ಲ ಯರ್ರಮ್ಮ... ನೀನು ನಡುಗ್ತಾ ಇದ್ದೀಯ."

"ಹೂಂ, ನಡುಗ್ತಾ ಇದ್ದೀನಿ. ಎತ್ತು ಕಂಡ್ರೆ ಭಯ ನಂಗೆ. ಚಿರತೆ ಕಂಡ್ರೆ ಇನ್ನೂ ಭಯ." ಅವಳು ಹಟ್ಟಿಯ ಕಡೆ ಕೈ ತೋರಿಸಿದಳು. "ಅಪ್ಪ ದೊಡ್ಡೀರಪ್ಪನ ಎಲೆ ಹಿಡಿದುಬಿಟ್ರೆ ಆಮ್ಯಾಲೆ ಜೀವಮಾನ ಇಡೀ ಏನು ಮಾಡ್ಲಿ? ಆ ಭಯದ ಮುಂದೆ ಇದು ಏನೂ ಅಲ್ಲ. ಹೋಗು."

ಚಿತ್ತಪ್ಪ ತನ್ನ ಕಂಬಳಿ ತೆಗೆದು ಅವಳ ಹೆಗಲಿಗೆ ಹೊದಿಸಿದ.

"ನನ್ನ ವಾಸನೆ ಇದ್ರೆ ಸುಮ್ಕಿರ್ತಾವೆ. ಸಪ್ಪಳಾದ್ರೆ ಓಡಬ್ಯಾಡ. ಇವುಗಳ ನಡುವೇನೇ ನಿಂತ್ಕ."

ಮತ್ತೆ ತಿರುಗಿ ನೋಡದೆ ಓಡಿದ. ನೋಡಿದ್ದರೆ ಹೋಗಲಾಗುತ್ತಿರಲಿಲ್ಲ, ಪಾಪ.

*

ಓಡುವವನಿಗೆ ಒಂದು ಹರದಾರಿ ಅರ್ಧ ತಾಸಿನ ದಾರಿ. ಅಪ್ಪನಿಗೆ ಹೇಳಿ ಒಪ್ಪಿಸಲು ಒಂದಷ್ಟು ಹೊತ್ತು. ವಾಪಸು ಬರಲು ಇನ್ನರ್ಧ ತಾಸು. ಯರ್ರಮ್ಮ ಎಣಿಸಿದಳು. ಎಣಿಸಿ ಮುಗಿಯಿತು. ನೆರಳು ಮಾತ್ರ ಒಂದು ಮೊಳವೂ ಸರಿದಿರಲಿಲ್ಲ.

'ಅಪ್ಪ ಮನೇಲಿ ಇಲ್ದಿದ್ರೆ? ದೊಡ್ಡೀರಪ್ಪ ಮುಂಚೇನೇ ಬಂದಿದ್ರೆ? ಎಲೆ ಹಿಡಿದು ಆಗಿದ್ರೆ...?'

ಬಂಡೆಗಳ ಕಡೆಯಿಂದ ನವಿಲೊಂದು ಕರ್ಕಶವಾಗಿ ಕೂಗಿತು. ಆಮೇಲೆ ಏನೂ ಇಲ್ಲ. ಮೆಲುಕು ಹಾಕುವ ಸದ್ದೂ ನಿಂತುಹೋಯಿತು.

ಇಪ್ಪತ್ತು ತಲೆಗಳು ಒಟ್ಟಿಗೆ ಒಂದೇ ಕಡೆ ತಿರುಗಿದವು.

ಯರ್ರಮ್ಮನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹಿಂದೆ ಎಲ್ಲೋ ಒಂದು ಕಲ್ಲು ಉರುಳಿತು. ಓಡು ಓಡು ಎಂದು ಮೈಯೆಲ್ಲಾ ಹೇಳುತ್ತಿತ್ತು. ಓಡಬ್ಯಾಡ ಎಂದು ಅವನು ಹೇಳಿದ್ದ. ಕಂಬಳಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಅವಳು ಎತ್ತುಗಳ ನಡುವೆಯೇ ನಿಂತಳು.

ದೊಡ್ಡ ಉಸಿರೊಂದು ಅವಳ ತೋಳಿಗೆ ತಾಗಿತು.

ಮುಂದಿನ ಎತ್ತು ಎದ್ದು ನಿಂತಿತ್ತು. ಅದರ ಹಿಂದೆ ಒಂದೊಂದೇ ಎದ್ದವು. ಕರುಗಳನ್ನು ನಡುವೆ ಹಾಕಿಕೊಂಡು, ಕೊಂಬುಗಳನ್ನು ಹೊರಗೆ ಮಾಡಿ, ಸುತ್ತಲೂ ಗೋಡೆಯಂತೆ ನಿಂತವು. ಆ ಗೋಡೆಯ ಒಳಗೆ ಕರುಗಳ ಜೊತೆ ಯರ್ರಮ್ಮ ಇದ್ದಳು.

ಎಷ್ಟು ಹೊತ್ತು ಹಾಗೆ ನಿಂತಿದ್ದವೋ ಅವಳಿಗೆ ತಿಳಿಯಲಿಲ್ಲ. ಬಂಡೆಗಳ ಮೇಲೆ ಹಕ್ಕಿಗಳು ಮತ್ತೆ ಕೂಗತೊಡಗಿದವು. ಬಂದದ್ದು ಹೊರಟುಹೋಗಿತ್ತು. ಆಗ ಮುಂದಿನ ಎತ್ತು ತಲೆ ಕೊಡವಿ, ಅವಳ ಹಟ್ಟಿಯ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟಿತು.

'ಅಯ್ಯೋ, ಹೊಂಟೇ ಬಿಟ್ಟವಲ್ಲ... ಏನು ಮಾಡ್ಲಿ?'

ತಡೆಯುವಂತಿಲ್ಲ, ಬಿಟ್ಟು ನಿಲ್ಲುವಂತೆಯೂ ಇಲ್ಲ. ಒಂದು ಕರು ಹಿಂದೆ ಉಳಿದು ಅವಳನ್ನೇ ನೋಡಿತು. ಯರ್ರಮ್ಮ ಮೆಲ್ಲಗೆ ಕರೆದಳು.

"ರಾ... ರಾ ನಾಯನಾ..."

ಕರು ಬಂತು.

*

ಹೊತ್ತು ಕೆಂಪಾಗುವಾಗ ಎದುರಿನಿಂದ ಇಬ್ಬರು ಬರುವುದು ಕಂಡಿತು. ಓಡುತ್ತಾ ಬರುತ್ತಿದ್ದವನು ಚಿತ್ತಪ್ಪ. ಅವನ ಹಿಂದೆ ಏದುಸಿರು ಬಿಡುತ್ತಾ, ಕೈಯಲ್ಲಿ ಕೊಡಲಿ ಹಿಡಿದು ಬರುತ್ತಿದ್ದವನು ಉಗ್ರಪ್ಪ.

ಧೂಳಿನೊಳಗಿಂದ ದೇವರ ಎತ್ತುಗಳು ಬಂದವು. ಅವುಗಳ ನಡುವೆ, ಕಿಲಾರಿಯ ಕಂಬಳಿ ಹೊದ್ದು, ಒಂದು ಕರುವಿನ ಬೆನ್ನ ಮೇಲೆ ಕೈಯಿಟ್ಟು, ತನ್ನ ಮಗಳು ನಡೆದು ಬರುವುದನ್ನು ಉಗ್ರಪ್ಪ ಕಂಡ. ಅವನ ಕೈಯ ಕೊಡಲಿ ಕೆಳಗೆ ಬಿತ್ತು. ಕಾಲಿನ ಕೆರ ಬಿಟ್ಟು ದಾರಿಯ ಪಕ್ಕಕ್ಕೆ ಸರಿದು ಕೈ ಮುಗಿದ.

ಎತ್ತಿಗೆ ಮುಗಿದನೋ ಮಗಳಿಗೆ ಮುಗಿದನೋ, ಅವನಿಗೇ ಗೊತ್ತಿರಲಿಲ್ಲ.

"ಅಪ್ಪ... ಎಲೆ ಹಿಡಿದುಬಿಟ್ಯಾ?"

ಮಗಳು ಮೊದಲು ಕೇಳಿದ್ದೇ ಅದು. ಉಗ್ರಪ್ಪ ಅವಳ ತಲೆ, ಕೆನ್ನೆ, ತೋಳು ಎಲ್ಲಾ ತಡವಿ ನೋಡಿದ.

"ಯಾರ ಎಲೆನೂ ಹಿಡಿದಿಲ್ಲ ಮಗಳೇ. ದೊಡ್ಡೀರಪ್ಪ ಜಗಲಿ ಮ್ಯಾಲೆ ಕುಂತವ್ನೆ. ಇವನು ಓಡಿ ಬಂದು ನೀನು ಇಲ್ಲಿ ಇದ್ದೀಯ ಅಂದ. ಎಲೆ ಗಿಲೆ ಆಮ್ಯಾಲೆ, ಮೊದ್ಲು ನನ್ನ ಮಗಳನ್ನ ತೋರ್ಸು ಅಂದೆ." ಆ ದೊಡ್ಡ ಗಂಡಸಿನ ಗಲ್ಲ ಅದುರುತ್ತಿತ್ತು. "ನಿಮ್ಮವ್ವ ಹೋದಂಗೆ ನೀನೂ ಹೋದೆ ಅನ್ಕಂಡೆ. ನಿನ್ನ ಗಟ್ಟಿ ಮನೇಲಿ ಇಡಬೇಕು ಅಂತ ನಾನು ಹೆದರಿ ಸಾಯ್ತಿದ್ರೆ, ನೀನು ಚಿರತೆ ಬಾಯಿಗೆ ಬಂದು ನಿಂತಿದ್ದೀಯಲ್ಲೇ..."

"ಇವನಿಗೋಸ್ಕರ ಬಂದೆ ಅಪ್ಪ. ತಪ್ಪಾಯ್ತು. ಆದ್ರೆ ನಾಳೆ ಆದ್ರೂ ಬರ್ತಿದ್ದೆ, ನಾಡಿದ್ದಾದ್ರೂ ಬರ್ತಿದ್ದೆ."

ಉಗ್ರಪ್ಪ ಪಡುವಣದ ಕಡೆ ನೋಡಿದ. ಸೂರ್ಯ ಗುಡ್ಡದ ಮೇಲೆ ಇನ್ನೊಂದು ಗೇಣು ಉಳಿದಿದ್ದ. ಚಿತ್ತಪ್ಪನ ಕಡೆ ತಿರುಗಿ ಎರಡೂ ಅಂಗೈ ಚಾಚಿದ.

"ಕೊಡಪ್ಪ. ಹೊತ್ತು ಇನ್ನೂ ಮುಳುಗಿಲ್ಲ."

ಚಿತ್ತಪ್ಪ ಒದ್ದೆ ಗಂಟನ್ನು ಬಿಚ್ಚಿದ. ಅಂಚು ಬಾಡಿದ್ದ ಎಲೆಗಳನ್ನು ಉಗ್ರಪ್ಪ ಕಣ್ಣಿಗೆ ಒತ್ತಿಕೊಂಡ.

"ಜಗಲಿ ಮ್ಯಾಲೆ ಕುಂತವ್ರಿಗೆ ನಾನೇ ಹೇಳ್ತೀನಿ. ಊಟ ಮಾಡಿಸಿ, ಕೈ ಮುಗಿದು ಕಳಿಸ್ತೀನಿ. ನೀವು ಎತ್ತಿನ ಹಿಂದೆ ಬರ್ರಿ," ಎಂದು ಅವನು ಮುಂದೆ ನಡೆದ.

ಎತ್ತುಗಳು ಅವಸರವಿಲ್ಲದೆ ಹೋಗುತ್ತಿದ್ದವು. ಇಬ್ಬರೂ ಅವುಗಳ ಹಿಂದೆ ನಡೆದರು. ಚಿತ್ತಪ್ಪ ಮೆಲ್ಲಗೆ ಯರ್ರಮ್ಮನ ಕೈ ಹಿಡಿದ.

"ನಾನು ಬರಲ್ಲ ಅನ್ಕಂಡಿದ್ಯಾ?"

"ಸತ್ತಿದ್ದೀಯ ಅನ್ಕಂಡಿದ್ದೆ." ಅವಳು ತಲೆ ತಗ್ಗಿಸಿದಳು. "ಒಂದು ಗಳಿಗೆ ಮಾತ್ರ, ಬರಲ್ಲ ಅಂತನೂ ಅನ್ಕಂಡೆ. ಬೇಜಾರು ಮಾಡ್ಕಬ್ಯಾಡ."

"ನಾನೂ ಒಂದು ಗಳಿಗೆ ಹಂಗೇ ಅನ್ಕಂಡೆ. ಇವುಗಳ ನಡುವೆ ಕುಂತು, ಅವಳು ಕಾಯಲ್ಲ, ಯಾಕೆ ಕಾಯ್ತಾಳೆ ಅಂತ..." ಅವನು ಅವಳ ಕಡೆ ತಿರುಗಿದ. "ಕಾಯ್ಲಿಲ್ಲ ನೀನು. ನಡ್ಕಂಡೇ ಬಂದೆ."

ಯರ್ರಮ್ಮ ಕಣ್ಣೊರೆಸಿಕೊಂಡು ಹಟ್ಟಿಯ ಕಡೆ ನೋಡಿದಳು. ದೂರದಲ್ಲಿ ಒಂದು ಮನೆಯ ಹೊಗೆ ಏಳುತ್ತಿತ್ತು.

"ಇನ್ನೆಷ್ಟು ಹೊತ್ತಿನ ದಾರಿ?"

"ನಮ್ಮ ಕಾಲಲ್ಲಿ ಒಂದು ಗಳಿಗೆ. ಇವುಗಳ ಕಾಲಲ್ಲಿ ಒಂದು ತಾಸು. ಸಾಕಾಯ್ತಾ ನಿಂಗೆ? ಹೋಗ್ತೀಯಾ ಮುಂದೆ?"

ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಬ್ಯಾಡ. ಇವುಗಳ ಕಾಲಲ್ಲೇ ಹೋಗಾನ."